ಹಲ್ಲಿಯ ಬಾಣಂತನ

ಯಾದಗಿರಿ, ಶಹಾಪುರ, ಸುರಪುರ, ಈ ಮೂರೂ ತಾಲ್ಲೂಕು ಜಾಲಾಡಿದರೂ ಹಲ್ಲಿಗೆ ಬಾಣಂತನ ಮಾಡಿದ ಗಂಡಸು ಸಿಗುವುದು ಒಬ್ಬರೇ. ಅವರು ನಮ್ಮ ಸೋದರಮಾವ! ಈ ಮಾತನ್ನು ನಾನು ಧೈರ್ಯವಾಗಿ ಹೇಳುತ್ತೇನೆ, ಯಾಕೆಂದರೆ ಈ ಬಿರುದಿಗೆ ಪೈಪೋಟಿ ಮಾಡಲು ಯಾರೂ ಬರುವುದಿಲ್ಲ. ಹೆಂಡತಿಯ ಬಾಣಂತನಕ್ಕೇ ಗಂಡಸರು ಅತ್ತ ಸುಳಿಯದ ಸೀಮೆ ನಮ್ಮದು. ಇನ್ನು ಹಲ್ಲಿಯದಕ್ಕೆ ಯಾರು ಬಂದಾರು? ಸ್ವತಃ ಹಲ್ಲಿಯೇ ಬರುವುದಿಲ್ಲ. ಅದು ಮೊಟ್ಟೆ ಇಟ್ಟು, ತಿರುಗಿಯೂ ನೋಡದೆ ತನ್ನ ಗೋಡೆ ಹಿಡಿದು ಹೋಗಿಬಿಡುತ್ತದೆ.

ನಗುವುದಿದ್ದರೆ ಈಗಲೇ ನಕ್ಕುಬಿಡಿ, ಮುಂದೆ ನಗುವುದಕ್ಕೆ ಅಷ್ಟೇನೂ ಇಲ್ಲ. ನಾನು ಹುಟ್ಟಾ ಅಳುಮುಂಜಿ ಅಂತ ನಮ್ಮಮ್ಮ ಹೇಳುತ್ತಿರುತ್ತಾಳೆ. ನಗೆಯ ಕಥೆ ಹೇಳಲು ಕೂತರೂ ನನ್ನ ಬಾಯಿಂದ ಅದು ಒದ್ದೆಯಾಗಿಯೇ ಹೊರಬರುತ್ತದೆ.

ಮಜಾ ಏನೆಂದರೆ, ಈ ಮಹಾನುಭಾವರು ಮೊನ್ನೆಮೊನ್ನೆಯವರೆಗೆ ಹಲ್ಲಿಕುಲಕ್ಕೆ ಯಮನಾಗಿದ್ದವರು. ಶಹಾಪುರದಲ್ಲಿ ಅವರದು ಬಣ್ಣ, ಸಿಮೆಂಟು, ಪುಟ್ಟಿಯ ಅಂಗಡಿ. ಮೂವತ್ತು ವರ್ಷ ಅದೇ ವ್ಯಾಪಾರ ಮಾಡಿ ಅವರಿಗೊಂದು ಚಟ ಅಂಟಿಕೊಂಡಿದೆ: ಗೋಡೆಯಲ್ಲಿ ಬಿರುಕು ಕಂಡರೆ ತಡೆದುಕೊಳ್ಳಲಾರರು. ಬೇರೆಯವರು ಅಂಗಿಯ ಕಿಸೆಯಲ್ಲಿ ಪೆನ್ನು ಇಟ್ಟುಕೊಂಡರೆ ಇವರು ಪುಟ್ಟಿ ಬಳಿಯುವ ಪಟ್ಟಿ ಇಟ್ಟುಕೊಳ್ಳುತ್ತಾರೆ. ನನ್ನ ಮದುವೆಯಲ್ಲಿ ಎಲ್ಲರೂ ಅಕ್ಕಿಕಾಳು ಹಿಡಿದು ನಿಂತಿದ್ದಾರೆ, ಸೋದರಮಾವ ನಾಪತ್ತೆ! ಅಮ್ಮ ಹುಡುಕಿಕೊಂಡು ಹೋದರೆ, ಊಟದ ಹಾಲ್‌ನ ಮೂಲೆಯಲ್ಲಿ ಕಂಬದ ಬಿರುಕಿಗೆ ಪುಟ್ಟಿ ತುಂಬುತ್ತಾ ನಿಂತಿದ್ದರಂತೆ.

"ತಮ್ಮಾ, ಅಕ್ಕಿಕಾಳ ಹಾಕಾಕ ಬಾರೋ, ಮುಹೂರ್ತ ಮೀರಾಕತ್ತದ!"

"ತಡಿ ಅಕ್ಕಾ, ಇದು ಒಣಗ್ತದ!"

ಹದಿನೈದು ವರ್ಷವಾಯಿತು. ನನ್ನ ಸಂಸಾರದಲ್ಲಿ ಅಲ್ಲಲ್ಲಿ ಬಿರುಕು ಬಿಟ್ಟಿದೆ, ಆ ಕಂಬ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ.

ಇಂಥವರು ಐದು ವರ್ಷದ ಹಿಂದೆ ಸ್ವಂತ ಮನೆ ಕಟ್ಟಿಸಿದರು ಅಂದಮೇಲೆ ಕೇಳಬೇಕೇ? ಗೋಡೆಗೆ ಮೂರು ಸಲ ಪುಟ್ಟಿ, ಮೂರು ಸಲ ಬಣ್ಣ. ಕಿಟಕಿಗೆಲ್ಲ ಜಾಳಿಗೆ. ಬಾಗಿಲ ಕೆಳಗೆ ರಬ್ಬರು. ಕರೆಂಟಿನ ಪೈಪು ಗೋಡೆಯೊಳಗೆ ಹೋಗುವ ತೂತುಗಳಿಗೂ ಸಿಮೆಂಟು. ಗೃಹಪ್ರವೇಶದ ದಿನ ಬಂದವರಿಗೆಲ್ಲ ಎದೆ ಉಬ್ಬಿಸಿ ಹೇಳುತ್ತಿದ್ದರು: "ಈ ಮನ್ಯಾಗ ಇರುವಿ ಬರಬೇಕಂದ್ರೂ ಬಾಗಲಾ ಬಡದು ಬರಬೇಕು ನೋಡ್ರಿ!" ನಿಜವಾಗಿಯೂ ಆ ಮನೆಗೆ ಇರುವೆ ಬರಲಿಲ್ಲ, ನೊಣ ಬರಲಿಲ್ಲ, ಆದ್ದರಿಂದ ಹಲ್ಲಿಯೂ ಬರಲಿಲ್ಲ.

ತೊಂದರೆ ಶುರುವಾದದ್ದು ಅಲ್ಲೇ. ಯಾಕೆಂದರೆ ನಮ್ಮ ಅತ್ತೆಗೆ, ಅಂದರೆ ಮಾವನ ಹೆಂಡತಿಗೆ, ಹಲ್ಲಿ ಅಂದರೆ ಹೈಕೋರ್ಟು. ನಾವು ಏನಾದರೂ ಮಾತಾಡುವಾಗ ಹಲ್ಲಿ ಲೊಚಗುಟ್ಟಿದರೆ ಆ ಮಾತು ನಿಜ ಅಂತ ನಮ್ಮ ಕಡೆ ನಂಬಿಕೆ. ಬೆರಳಿಂದ ನೆಲ ಕುಟ್ಟಿ "ಖರೆ, ಖರೆ" ಅನ್ನುತ್ತೇವೆ. ನಿಮ್ಮಲ್ಲೂ ಅನ್ನುತ್ತಿರಬಹುದು. ಆದರೆ ನಾವು ಹಲ್ಲಿ ನುಡಿದಾಗ ಕುಟ್ಟುತ್ತೇವೆ, ಅತ್ತೆಯಾದರೋ ಅದು ನುಡಿಯುವವರೆಗೆ ಕಾಯುತ್ತಿದ್ದಳು! ಹಳೆಯ ಬಾಡಿಗೆ ಮನೆಯ ಕಲ್ಲುಗೋಡೆಯಲ್ಲಿ ಏಳೆಂಟು ಹಲ್ಲಿಗಳಿದ್ದವು. "ಮಗಳಿಗೆ ಗೋಗಿ ಸಂಬಂಧ ಕೂಡಿ ಬರ್ತದ" ಅಂತ ಹೇಳಿ, ಮೊರ ಕೆಳಗಿಟ್ಟು, ಜಂತಿಯ ಕಡೆ ನೋಡುತ್ತಾ ಕೂಡುವಳು. ಲೊಚ್ ಅಂದಮೇಲೇ ಮತ್ತೆ ಜೋಳ ಕೇರುವಳು. ಗೋಗಿಯ ಸಂಬಂಧ ಕೂಡಿಬಂತು, ಮಗಳು ಅಲ್ಲಿ ಸುಖವಾಗಿದ್ದಾಳೆ. ಹಲ್ಲಿಯ ತೀರ್ಪನ್ನು ಪ್ರಶ್ನಿಸಲು ನಮಗೆ ದಾರಿಯೇ ಇರಲಿಲ್ಲ.

ಹೊಸ ಮನೆಗೆ ಬಂದ ಐದು ವರ್ಷದಲ್ಲಿ ಆಕೆಯ ಒಂದು ಮಾತಿಗೂ ಯಾರೂ ಹೂಂ ಅನ್ನಲಿಲ್ಲ. ಮೊದಮೊದಲು ಮೇಲೆ ನೋಡುತ್ತಿದ್ದಳು, ಆಮೇಲೆ ನೋಡುವುದನ್ನು ಬಿಟ್ಟಳು. ಮಾತೂ ಕಡಿಮೆಯಾಯಿತು. ಅದನ್ನು ನಾವು ಗಮನಿಸಲಿಲ್ಲ. ಹೊಸ ಮನೆಯ ಗೋಡೆ ಎಷ್ಟು ನುಣುಪು ಅಂತ ಹೊಗಳುವುದರಲ್ಲೇ ಇದ್ದೆವು.

ಈ ವರ್ಷ ಸಂಕ್ರಾಂತಿಯ ಹೊತ್ತಿಗೆ ಅತ್ತೆ ಬೆಳ್ಳಗಾದಳು. ಹಾಗೆಂದರೆ ಮೈಬಣ್ಣವಲ್ಲ, ಮೈಯಲ್ಲಿ ರಕ್ತವಿಲ್ಲದೆ. ತಿಂಗಳುಗಟ್ಟಲೆ ರಕ್ತ ಹೋಗುತ್ತಿದ್ದರೂ ಬಾಯಿಬಿಟ್ಟಿರಲಿಲ್ಲ. ಕಲಬುರಗಿಯ ದವಾಖಾನೆಗೆ ನಾನೂ ಜೊತೆಗೆ ಹೋದೆ. ನಾನು ಯಾದಗಿರಿಯಲ್ಲಿ ಶಾಲಾ ಮಾಸ್ತರಿಣಿ. ಡಾಕ್ಟರ ಮಾತು ತಿಳಿಸಿ ಹೇಳಲು ಒಬ್ಬರು ಓದಿದವರು ಬೇಕು ಅಂತ ಮಾವನೇ ಕರೆದಿದ್ದರು. ಡಾಕ್ಟರಮ್ಮ ಸ್ಕ್ಯಾನಿನ ಚಿತ್ರ ಹಿಡಿದು, "ಗರ್ಭಚೀಲದಲ್ಲಿ ಗಡ್ಡೆ ಇದೆ. ತೆಗೆಯಲೇಬೇಕು. ಮೊದಲು ಎರಡು ಮೂರು ತಿಂಗಳು ಗುಳಿಗೆ ತಗೊಂಡು ರಕ್ತ ಏರಲಿ, ಆಮೇಲೆ ಆಪರೇಶನ್. ತೆಗೆದು ಪರೀಕ್ಷೆಗೆ ಕಳಿಸಿದ ಮೇಲೇ ಅದು ಎಂಥದ್ದು ಅಂತ ಹೇಳಬಹುದು" ಅಂದರು. ಮಾವ ಏನಂದರು ಗೊತ್ತೇ?

"ಡಾಕ್ಟ್ರ, ನಿಮ್ಮ ಈ ಗ್ವಾಡ್ಯಾಗ ಬಿರುಕ ಬಿಟ್ಟದ್ರಿ."

ನನಗೆ ನಾಚಿಕೆಯಿಂದ ಸಾಯುವ ಹಾಗಾಯಿತು! ಹೆಂಡತಿಯ ಹೊಟ್ಟೆಯಲ್ಲಿ ಗಡ್ಡೆ ಅಂದರೆ ಈ ಮನುಷ್ಯನಿಗೆ ಗೋಡೆಯ ಚಿಂತೆ! ಅವರ ಕೈ ಕಿಸೆಯ ಪಟ್ಟಿಯ ಮೇಲಿತ್ತು. ಅದನ್ನೂ ನೋಡಿದೆ, ಆದರೆ ಸಿಟ್ಟಿನಲ್ಲಿ ಅರ್ಥ ಮಾಡಿಕೊಳ್ಳಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆ ತನ್ನ ತೀರ್ಪು ಕೊಟ್ಟಳು. "ಗುಳಿಗಿ ನುಂಗ್ತೀನಿ. ಆಪರೇಶನ್‌ಕ ಮಾತ್ರ ಬರಂಗಿಲ್ಲ."

"ಯಾಕ ಅತ್ತಿ?" ಅಂದೆ.

"ನಮ್ಮಕ್ಕ ಹಿಂಗಽ ದೊಡ್ಡ ದವಾಖಾನಿಗೆ ಹೋದ್ಳು. ಹೋಗು ದಿನಾ ಆಕಿ ಮನಿ ಹಲ್ಲಿ ನುಡೀಲಿಲ್ಲ. ಹೊಳ್ಳಿ ಬರ್ಲಿಲ್ಲ ಆಕಿ. ನಾ ಒಂದು ಮಾತು ಕೇಳೂದದ. ಹಲ್ಲಿ ಹೂಂ ಅಂದ್ರ ಈಗಿಂದೀಗ ಬಸ್ ಹತ್ತತೀನಿ. ಆದ್ರ ಈ ಮನ್ಯಾಗ ಹಲ್ಲಿ ಎಲ್ಲಿ ಅದ? ನಿಮ್ಮ ಮಾಮಾನ್ನ ಕೇಳು."

ಮಾವ ಗೋಡೆ ನೋಡಿದರು. ಗೋಡೆ ಚೊಕ್ಕಟವಾಗಿತ್ತು.

ಮಗಳು ಗೋಗಿಯಿಂದ ಬಂದು ಅತ್ತಳು, ಕೂಗಾಡಿದಳು, ಹೋದಳು. ನಾನು ಮಾವನನ್ನು ಪಕ್ಕಕ್ಕೆ ಕರೆದು, "ಮಾಮಾ, ಇದೇನ್ ಹುಚ್ಚಾಟ? ಎತ್ತಿ ಗಾಡ್ಯಾಗ ಹಾಕ್ಕೊಂಡು ಹೋಗೂಣು" ಅಂದೆ. "ಎತ್ತಿ ಒಯ್ಯೂದು ಏನು ದೊಡ್ಡದಲ್ಲ. ಮನಸ ಇಲ್ಲದ ಹೋದ್ರ ಆಕಿ ಅಲ್ಲಿ ಕಣ್ಣ ತೆರೀತಾಳ ಅಂತ ಏನ್ ಗ್ಯಾರಂಟಿ?" ಅಂದರು.

ಮರುದಿನವೇ ಮಾವ ಓಣಿಯ ಮನೆಮನೆಗೆ ಹೋಗಿ ಆರು ಹಲ್ಲಿ ಹಿಡಿದರು. ಅಂಗಡಿಯ ಖಾಲಿ ಬಣ್ಣದ ಡಬ್ಬಿಗಳಲ್ಲಿ ತಂದು ಅಡುಗೆಮನೆಯಲ್ಲಿ ಬಿಟ್ಟರು. ಬೆಳಗಾಗುವಷ್ಟರಲ್ಲಿ ಆರೂ ಕಿಟಕಿಯ ಜಾಳಿಗೆಗೆ ಅಂಟಿಕೊಂಡು ಹೊರಗೆ ನೋಡುತ್ತಿದ್ದವು. ತಿನ್ನಲು ಒಂದು ಸೊಳ್ಳೆಯೂ ಇಲ್ಲದ ಮನೆ, ಅವಾದರೂ ಯಾಕೆ ಇದ್ದಾವು! ಆದರೂ ಒಂದು ಹಲ್ಲಿ ಹಸಿದ ಹೊಟ್ಟೆಯಲ್ಲೇ ಲೊಚ್ ಅಂದಿತು. ಮಾವ ಕುಣಿದಾಡಿಬಿಟ್ಟರು.

"ನುಡೀತು! ಕೇಳಿದೇನು? ನುಡೀತು!"

ಅತ್ತೆ ತಣ್ಣಗೆ ಅಂದಳು: "ಅದು ಬಾಜೂ ಮನಿದು. ಅವರ ಮನಿ ಸುದ್ದಿಗೆ ಹೂಂ ಅಂದದ. ಈ ಮನಿ ಸಾಕ್ಷಿ ಅದಕ್ಕೇನ್ ಗೊತ್ತು? ಇಲ್ಲೇ ಹುಟ್ಟಿದ ಹಲ್ಲಿ ಹೇಳಬೇಕ್ರಿ."

ಇದರಲ್ಲಿ ತಪ್ಪು ಹುಡುಕಿ ನೋಡಿ! ನಮ್ಮೂರ ಪಂಚಾಯ್ತಿಯಲ್ಲೂ ಪರವೂರಿನ ಸಾಕ್ಷಿ ನಡೆಯುವುದಿಲ್ಲ. ಆರು ಸಾಕ್ಷಿಗಳನ್ನೂ ಮಾವ ಅವರವರ ಮನೆಗೆ ಮುಟ್ಟಿಸಿ ಬಂದರು. ಬರುವಾಗ ಪಕ್ಕದ ಮನೆಯ ಮೀಟರಿನ ಡಬ್ಬಿಯಲ್ಲಿ ಎರಡು ಮೊಟ್ಟೆ ಕಂಡವಂತೆ. ಬಟಾಣಿಗಿಂತ ಸ್ವಲ್ಪ ದೊಡ್ಡವು, ಬೆಳ್ಳಗೆ ಗುಳಿಗೆಯಂಥವು. ಬಾಣಂತನ ಶುರುವಾದದ್ದು ಹೀಗೆ.

ಮೊಟ್ಟೆ ಮರಿ ಮಾಡುವುದು ಹೇಗೆ? ಓಣಿಯಲ್ಲಿ ಈ ವಿದ್ಯೆಗೆ ಕೋಳಿ ಸಾಕುವ ನಿಂಗವ್ವನೇ ದೊಡ್ಡ ಪಂಡಿತೆ. ಆಕೆ ಹೇಳಿದಳು: "ಸಾವಕಾರ್ರ, ತತ್ತಿ ಅಂದ ಮ್ಯಾಲ ದಿನಕ್ಕ ಮೂರ ಸರ್ತಿ ಹೊಳ್ಳಸಬೇಕ್ರಿ. ನಮ್ಮ ಕೋಳಿ ಕೊಕ್ಕಿಲೆ ಹೊಳ್ಳಸ್ತದ. ಇಲ್ಲಾಂದ್ರ ಒಂದ ಕಡಿ ಕಾವು ಕುಂತು ಕೆಡ್ತಾವ." ಮಾವ ಒಪ್ಪಿಕೊಂಡ ಕೆಲಸದಲ್ಲಿ ಕಳ್ಳಬೀಳುವವರಲ್ಲ. ಮುಂಜಾನೆ, ಮಧ್ಯಾಹ್ನ, ಸಂಜೆ, ಅಂಗಡಿಗೆ ಬೀಗ ಹಾಕಿಕೊಂಡು ಬಂದು ಹತ್ತಿಯಲ್ಲಿಟ್ಟ ಮೊಟ್ಟೆಗಳನ್ನು ಹೊರಳಿಸಿ ಹೋಗುತ್ತಿದ್ದರು. ಅಂಗಡಿಗೆ ಬಂದ ಗಿರಾಕಿಗಳು "ಸಾವಕಾರ್ರು ಎಲ್ಲಿ?" ಅಂದರೆ ಪಕ್ಕದ ಅಂಗಡಿಯವರು "ತತ್ತಿ ಹೊಳ್ಳಸಾಕ ಹೋಗ್ಯಾರ" ಅನ್ನುವರು. ಗಿರಾಕಿಗಳು ಮರುಮಾತಿಲ್ಲದೆ ಬೇರೆ ಅಂಗಡಿಗೆ ಹೋಗುವರು.

ಶಿವರಾತ್ರಿಯ ಹೊತ್ತಿಗೆ ಮೊಟ್ಟೆಗಳು ಕಪ್ಪಾಗಿ ತಗ್ಗುಬಿದ್ದವು. ಮಾವ ಅವನ್ನು ದನದ ದವಾಖಾನೆಗೆ ಒಯ್ದರು. ಅಲ್ಲಿಯ ಡಾಕ್ಟರು ಮೊದಲು ನಕ್ಕರಂತೆ, ಆಮೇಲೆ ಮಾವನ ಮುಖ ನೋಡಿ ನಗು ನಿಲ್ಲಿಸಿದರಂತೆ. "ಕೋಳಿ ತತ್ತಿ ಬ್ಯಾರೆ, ಹಲ್ಲಿ ತತ್ತಿ ಬ್ಯಾರೆ ಯಜಮಾನ್ರ. ಹಲ್ಲಿ ತತ್ತಿ ಇಟ್ಟಲ್ಲೇ ಇರಬೇಕು. ಒಳಗಿನ ಜೀವ ಮ್ಯಾಲಿನ ತೊಗಟಿಗೆ ಹತ್ತಿಕೊಂಡಿರ್ತದ. ಹೊಳ್ಳಿಸಿದ್ರ ಸಾಯ್ತದ."

ಆ ಭಾನುವಾರ ನಾನು ಹೋದಾಗ ಮಾವ ಅಂಗಳದಲ್ಲಿ ಕೂತಿದ್ದರು. ಮೊಟ್ಟೆಗಳನ್ನು ಹುಗಿದು ಮೇಲೆ ಸಿಮೆಂಟು ಹಾಕಿ ನುಣುಪಾಗಿ ಸವರಿದ್ದರು! ನನಗೆ ನಗು ಬಂತು. ಅವರು ನಗಲಿಲ್ಲ. "ದಿನಕ್ಕ ಮೂರ ಸರ್ತಿ, ಇದೇ ಕೈಲೆ ಕೊಂದೆ ನೋಡವಾ" ಅಂದರು. "ಒಂದು ತಿಂಗಳು ಹಾಳಾತು. ಆಕಿ ಒಂದು ತಿಂಗಳು." ನನ್ನ ನಗುವನ್ನು ಎಲ್ಲಿ ಬಚ್ಚಿಡಲಿ ಅಂತ ತಿಳಿಯಲಿಲ್ಲ.

ಎರಡನೆಯ ಜೋಡಿ ಸಿಕ್ಕದ್ದು ಸುರಪುರದಲ್ಲಿ, ಅತ್ತೆಯ ತವರುಮನೆಯಲ್ಲಿ, ಆಕೆಯ ಅಪ್ಪನ ಫೋಟೋದ ಹಿಂದೆ. ಅವಕ್ಕೂ ಪರವೂರಿನ ಆಕ್ಷೇಪಣೆ ಬರಬಹುದೆಂದು ನಾನು ಮೊದಲೇ ಕೇಳಿದೆ: "ಅತ್ತಿ, ಇವೂ ಬ್ಯಾರೆ ಮನೀವಲ್ಲ?" "ತತ್ತಿ ಎಲ್ಲಿಂದರೆ ಬರ್ಲಿ, ಕಣ್ಣು ಇಲ್ಲಿ ತೆರದ್ರ ಸಾಕು. ನಾನೂ ಸುರಪುರದಿಂದಽ ಬಂದಾಕಿ, ಈ ಮನಿಯಾಕಿ ಆಗಿಲ್ಲೇನು?" ಅಂದಳು. ಅದೂ ಸರಿಯೇ.

ಈ ಸಲ ಮಾವ ಹುಷಾರು. ಮೊಟ್ಟೆಯ ಮೇಲುಬದಿ ಯಾವುದು ಅಂತ ಗುರುತು ಬೇಕು. ಹಣೆಯ ವಿಭೂತಿಯನ್ನೇ ಹಚ್ಚೋಣವೆಂದರೆ ಬಿಳಿಯ ಮೇಲೆ ಬಿಳಿ ಕಾಣುವುದಿಲ್ಲ. ಹಾಗಾಗಿ ಎರಡಕ್ಕೂ ಕುಂಕುಮದ ಬೊಟ್ಟು ಇಟ್ಟು, ಕುಂಕುಮದ ಡಬ್ಬಿಯಲ್ಲೇ ಹತ್ತಿ ಹಾಸಿ ಮಲಗಿಸಿ, ಅಂಗೈಯಲ್ಲಿ ಲಿಂಗ ಹಿಡಿದವರ ಹಾಗೆ ಹಿಡಿದುಕೊಂಡು ಬಸ್ಸು ಹತ್ತಿದರು. ಬಸ್ಸು ಕಿಕ್ಕಿರಿದಿತ್ತು. ಕಂಡಕ್ಟರು ಕೇಳಿದ:

"ಏನದ್ರಿ ಯಜಮಾನ್ರ, ಡಬ್ಬ್ಯಾಗ?"

"ತತ್ತಿ."

"ಇಷ್ಟ ಸಣ್ಣ ಡಬ್ಬ್ಯಾಗ? ಯಾವ ಕೋಳಿವ್ರಿ?"

"ಕೋಳೀವಲ್ಲಪ್ಪಾ, ಹಲ್ಲೀವು."

ಮುಂದಿನ ಸೀಟಿನ ಹೆಂಗಸು ಸೆರಗು ಎಳೆದುಕೊಂಡು ಎದ್ದಳು. ಆಕೆಯ ಪಕ್ಕದವನಿಗೆ ಬಾಗಿಲ ಹತ್ತಿರ ತುರ್ತು ಕೆಲಸ ನೆನಪಾಯಿತು. ಹಲ್ಲಿ ಮೈಮೇಲೆ ಬಿದ್ದರೆ ಏನು ಫಲ ಅಂತ ಪಂಚಾಂಗದಲ್ಲಿ ಇದೆ, ಹಲ್ಲಿಯ ಮೊಟ್ಟೆ ಬಿದ್ದರೆ ಏನು ಅಂತ ಇಲ್ಲವಲ್ಲ! ಮಾವ ಇಬ್ಬರ ಸೀಟಿನಲ್ಲಿ ಒಬ್ಬರೇ ಕೂತು ಶಹಾಪುರಕ್ಕೆ ಬಂದರು. ನಮ್ಮ ಕಡೆಯ ಬಸ್ಸಿನಲ್ಲಿ ಸೀಟು ಹಿಡಿಯಲು ಇಷ್ಟು ಸುಲಭದ ಉಪಾಯ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಮೊಟ್ಟೆಗೆ ಕಾವು ಕೊಡಬೇಕು, ಬಲ್ಬು ಹಾಕಬೇಕು ಅಂತ ಮೊಬೈಲಿನಲ್ಲಿ ಯಾರೋ ಹೇಳುತ್ತಿದ್ದರು. ಹೇಳಿದವರು ನಮ್ಮ ಬೇಸಿಗೆ ಕಂಡವರಲ್ಲ. ಯುಗಾದಿ ದಾಟಿದ ಮೇಲೆ ಶಹಾಪುರದಲ್ಲಿ ಬಲ್ಬು ಹಾಕಿದರೆ ಮೊಟ್ಟೆ ಮರಿಯಾಗುವುದಿಲ್ಲ, ಬೇಯುತ್ತದೆ! ಇಲ್ಲಿ ಕಾವು ಕೊಡುವುದಲ್ಲ, ಕಾವಿನಿಂದ ಕಾಪಾಡುವುದು ಕೆಲಸ. ಮಾವ ಅಡುಗೆಮನೆಯ ನೀರಿನ ಹರವಿಯ ಪಕ್ಕದಲ್ಲಿ, ಹರವಿ ಕೂರಿಸಿದ ತಂಪು ಉಸುಕಿನಲ್ಲೇ ಒಂದು ಕುಡಿಕೆ ಹೂತು, ಅದರಲ್ಲಿ ಮೊಟ್ಟೆಗಳನ್ನಿಟ್ಟರು. ಸುತ್ತ ಒದ್ದೆ ಗೋಣಿತಟ್ಟು. ಬಿಸಿ ನೋಡಲು ಅತ್ತೆಯ ಜ್ವರದ ಕಡ್ಡಿ. ಮೊದಲು ಅತ್ತೆಗೆ ಹಚ್ಚುವುದು, ಆಮೇಲೆ ಮೊಟ್ಟೆಗೆ. ನಡುವೆ ತೊಳೆಯುತ್ತಿದ್ದೆ ಅಂತ ಅವರ ಹೇಳಿಕೆ. ಮೊಟ್ಟೆಗೆ ಬೇಕಾದ ಬಿಸಿ ಜ್ವರದ ಕಡ್ಡಿಯ ಅಳತೆಗಿಂತ ಕಡಿಮೆಯದು. ಆದ್ದರಿಂದ ಕಡ್ಡಿ ಅಂಕಿ ತೋರಿಸದಿದ್ದರೆ ಕ್ಷೇಮ. ಅಂಕಿ ಮೂಡಿತೋ, ಮಾವ ತಂಬಿಗೆ ಹಿಡಿದು ಗೋಣಿತಟ್ಟಿಗೆ ನೀರು ಚಿಮುಕಿಸಲು ಓಡುವರು.

ಅತ್ತೆ ಮಲಗುವ ಹೊರಸನ್ನೂ ಹರವಿಯ ಹತ್ತಿರವೇ ತಂದು ಹಾಕಿದರು. ಗುಳಿಗೆಯಿಂದ ರಕ್ತ ಒಂದಿಷ್ಟು ಏರುವುದು, ಮತ್ತೆ ಹೋಗುವುದು. ಭಾನುವಾರ ನಾನು ಹೋದಾಗಲೆಲ್ಲ ಆಕೆ ಆ ಕಡೆ ಹೊರಳಿ ಕುಡಿಕೆಯನ್ನೇ ನೋಡುತ್ತಾ ಮಲಗಿರುತ್ತಿದ್ದಳು. ಮಾವ ನೆಲದ ಮೇಲೆ ಕೂತಿರುತ್ತಿದ್ದರು. ಮೂವತ್ತೈದು ವರ್ಷ ಸಂಸಾರ ಮಾಡಿದವರು ಮೊದಲ ಸಲ ಹೀಗೆ ಒಂದೇ ಕಡೆ ಮುಖ ಮಾಡಿ ಕೂತದ್ದು ಅನ್ನಿಸುತ್ತದೆ. ಬಸ್ಸಿನಲ್ಲಿ ಯಾದಗಿರಿಗೆ ವಾಪಸು ಬರುವಾಗ ಪ್ರತಿ ಸಲವೂ ನನಗೆ ಕೆಟ್ಟ ಯೋಚನೆಗಳೇ ಬರುತ್ತಿದ್ದವು. ಮೊಟ್ಟೆಯೊಳಗೂ ಒಂದು ಬೆಳೆಯುತ್ತಿದೆ, ಅತ್ತೆಯೊಳಗೂ ಒಂದು ಬೆಳೆಯುತ್ತಿದೆ, ಯಾವುದು ಮೊದಲೋ ಅಂತ. ಇಂಥದ್ದನ್ನು ಯಾರ ಹತ್ತಿರ ಹೇಳುವುದು?

ಈ ನಡುವೆ ಮಾವ ದನದ ಡಾಕ್ಟರಿಂದ ಇನ್ನೊಂದು ಸುದ್ದಿ ತಂದರು. ಅದನ್ನು ನನಗೊಬ್ಬಳಿಗೇ ಹೇಳಿದರು: ಹುಟ್ಟಿದ ಮರಿ ಕೂಡಲೇ ಲೊಚಗುಟ್ಟುವುದಿಲ್ಲ. ಬೆಳೆದು ದೊಡ್ಡದಾಗಬೇಕು, ವರ್ಷವೇ ಹಿಡಿಯಬಹುದು.

"ಹಂಗಾದ್ರ ಮುಗೀತಲ್ಲ ಮಾಮಾ!"

"ಹುಟ್ಟೂದು ಅದು ಹುಟ್ಟಲಿ. ನುಡಿಯೂದು ನಾ ನೋಡ್ಕೋತೀನಿ."

ಅಂದಿನಿಂದ ಅಂಗಡಿಯಲ್ಲಿ ಅಭ್ಯಾಸ ಶುರು. ಮಾವನ ಮುಂದಿನ ಹಲ್ಲು ಕಟ್ಟಿಸಿದ್ದು. ಹಲ್ಲು ಹಾಕಿಕೊಂಡರೆ ಗುಬ್ಬಿಯ ಹಾಗೆ, ತೆಗೆದರೆ ಎತ್ತು ಹೊಡೆಯುವವರ ಹಾಗೆ ಸದ್ದು ಬರುತ್ತಿತ್ತು. ಕೊನೆಗೆ ಕೆಳಗಿನದನ್ನು ಮಾತ್ರ ತೆಗೆದಾಗ ಹಲ್ಲಿಯ ಸದ್ದಿಗೆ ಹತ್ತಿರ ಬಂತು. ಶಿರವಾಳದಿಂದ ಒಬ್ಬ ಮೇಸ್ತ್ರಿ ಬಂದು ಹಸಿರು ಬಣ್ಣ ಕೇಳಿದ. ಮಾವ ಅತ್ತ ತಿರುಗಿ "ಲೊಚ್, ಲೊಚ್" ಅಂದರು.

"ಯಾಕ್ರಿ ಸಾವಕಾರ್ರ, ಹಸರು ಚಂದ ಕಾಣಂಗಿಲ್ಲೇನ್ರಿ?"

"ಲೊಚ್!"

ಮೇಸ್ತ್ರಿ ಗಾಬರಿಯಾಗಿ ಹಳದಿ ಒಯ್ದ. ಆಮೇಲೆ ಬಂದ ಒಬ್ಬಾಕೆ, ಮಳೆಗಾಲದಲ್ಲಿ ಮನೆ ಸೋರುತ್ತದೆ, ಏನು ಹಚ್ಚಬೇಕು ಅಂತ ಕೇಳಿದಳು. ಮಾವ ನಾಲ್ಕು ಸಲ ಲೊಚಗುಟ್ಟಿದ್ದಕ್ಕೆ, "ನನ್ನ ಕಷ್ಟಕ್ಕ ಇಷ್ಟ ಮರಗಾವ್ರು ಯಾರೂ ಇರ್ಲಿಲ್ರಿ" ಅಂತ ಕಣ್ಣೊರೆಸಿಕೊಂಡಳಂತೆ!

ಬಸವ ಜಯಂತಿಯ ಮರುದಿನ ಮುಂಜಾನೆ ಒಂದು ಮೊಟ್ಟೆ ಬಿರಿಯಿತು. ಮಾವ ಫೋನಿನಲ್ಲಿ ಪಿಸುಗುಟ್ಟಿದರು, ಗಟ್ಟಿಯಾಗಿ ಹೇಳಿದರೆ ಮರಿ ಮತ್ತೆ ಒಳಗೆ ಹೋದೀತು ಅನ್ನುವ ಹಾಗೆ: "ಬಂದದ. ಬಾಲ ಅದ. ಕಣ್ಣ ಅದಾವ." ಕುಂಕುಮದ ಬೊಟ್ಟಿದ್ದ ಇನ್ನೊಂದು ಮೊಟ್ಟೆ ಬಿರಿಯಲೇ ಇಲ್ಲ.

ನಾನು ಹೋಗುವ ಹೊತ್ತಿಗೆ ಮಾವ ಸ್ಟೂಲಿನ ಮೇಲೆ ನಿಂತು ಚಾಣ, ಸುತ್ತಿಗೆ ಹಿಡಿದಿದ್ದರು. ಮೂರು ಸಲ ಪುಟ್ಟಿ ಕಂಡ ಆ ಗೋಡೆಯಲ್ಲಿ, ಹರವಿಯ ಮೇಲ್ಗಡೆ, ಒಂದು ಗೇಣು ಉದ್ದದ ಬಿರುಕು ಕೆತ್ತುತ್ತಿದ್ದರು! ಜೀವಮಾನವೆಲ್ಲ ಬಿರುಕು ಮುಚ್ಚಿದ ಮನುಷ್ಯ! ಕಿಟಕಿಯ ಜಾಳಿಗೆಯನ್ನೂ ಕಿತ್ತಿದ್ದರು, ಮರಿಗೆ ಹುಳುಹುಪ್ಪಟೆ ಸಿಗಲಿ ಅಂತ. ಸೊಳ್ಳೆಗಳು ಬಂದು ಮೊದಲು ನಮ್ಮನ್ನೇ ಕಡಿದವು. ಬೆಂಕಿಕಡ್ಡಿಯಷ್ಟಿದ್ದ ಮರಿ ಸಂಜೆಗೆ ಆ ಬಿರುಕಿನಲ್ಲಿ ಸೇರಿಕೊಂಡು ತಲೆ ಮಾತ್ರ ಹೊರಗೆ ಹಾಕಿತು. ಅತ್ತೆ ನೋಡಿದಳು. ಎಷ್ಟೋ ತಿಂಗಳ ಮೇಲೆ ಆಕೆಯ ಮುಖದಲ್ಲಿ ಒಂಚೂರು ನಗು ಕಂಡಿತು.

ಆ ವಾರವೇ ಕಲಬುರಗಿಯ ಡಾಕ್ಟರಮ್ಮ ಫೋನಿನಲ್ಲಿ ಖಡಾಖಂಡಿತ ಹೇಳಿದರು: ರಕ್ತ ಇದಕ್ಕಿಂತ ಏರುವುದಿಲ್ಲ, ಇನ್ನು ತಡ ಮಾಡಬಾರದು. ಭಾನುವಾರ ಮಧ್ಯಾಹ್ನ ಅತ್ತೆ ಅಂದಳು, "ನಾ ಇವತ್ತ ಕೇಳ್ತೀನಿ. ನೀವಿಬ್ಬರೂ ಹೊರಗ ಹೋಗ್ರಿ."

ಹೊರಗೆ ಹೋದ ಹಾಗೆ ಮಾಡಿ ನಾವು ಅಡುಗೆಮನೆಗೆ ತಾಗಿದ ಸಾಮಾನಿನ ಕೋಣೆಯಲ್ಲಿ ಬಾಗಿಲ ಹಿಂದೆ ನಿಂತೆವು. ಮಾವ ಕೆಳಗಿನ ಹಲ್ಲು ತೆಗೆದು ನನ್ನ ಕೈಯಲ್ಲಿಟ್ಟರು. ನಾಲಿಗೆ ಸಜ್ಜು ಮಾಡಿಕೊಂಡರು. ಅತ್ತೆ ಏನು ಕೇಳುತ್ತಾಳೆಂದು ನಮಗೆ ಗೊತ್ತೇ ಇತ್ತಲ್ಲ: ‘ನಾ ಗುಣ ಆಗಿ ಹೊಳ್ಳಿ ಬರ್ತೀನಿ’ ಅನ್ನುತ್ತಾಳೆ, ಮಾವ ಲೊಚ್ ಅನ್ನುತ್ತಾರೆ, ಆಕೆ ಹೊರಸಿನ ಪಟ್ಟಿ ಕುಟ್ಟಿ ಖರೆ ಖರೆ ಅನ್ನುತ್ತಾಳೆ, ನಾಳೆ ಬಸ್ಸು. ಇದು ನಮ್ಮ ಲೆಕ್ಕ.

ಅತ್ತೆಯ ದನಿ ಕೇಳಿಸಿತು.

"ನೋಡಪಾ, ನೀ ಇನ್ನಾ ಸಣ್ಣಾವ ಅದಿ. ಆದ್ರ ಇದೇ ಮನ್ಯಾಗ ಹುಟ್ಟಿದಿ. ಸುಳ್ಳ ಹೇಳಬ್ಯಾಡ. ನಾ ಹೊಳ್ಳಿ ಬರದಿದ್ರೂ... ಇವರು ವ್ಯಾಳ್ಯಾಕ್ಕ ಸರಿಯಾಗಿ ಉಣ್ತಾರ. ಹೌದಿಲ್ಲೋ?"

ಅಯ್ಯೋ ಶಿವನೇ! ನಾಲ್ಕು ತಿಂಗಳಿಂದ ಆಕೆ ಕೇಳಬೇಕೆಂದಿದ್ದ ಮಾತು ಇದು! ತಾನು ಬದುಕುವುದು ಬಿಡುವುದು ಆಕೆಯ ಪ್ರಶ್ನೆಯಲ್ಲಿ ಇರಲೇ ಇಲ್ಲ.

ನಾನು ಮಾವನನ್ನು ನೋಡಿದೆ. ಒಂದೇ ಒಂದು ಲೊಚ್ ಸಾಕಿತ್ತು. ಅಷ್ಟು ಅಂದಿದ್ದರೆ ಅತ್ತೆ ನಿಶ್ಚಿಂತೆಯಿಂದ ಬಸ್ಸು ಹತ್ತುತ್ತಿದ್ದಳು. ಮಾವ ಬಾಯಿ ತೆರೆದರು. ವಾರಗಟ್ಟಲೆ ಕಲಿತ ಸದ್ದು ಬರಲಿಲ್ಲ. ಗೋಡೆಯ ಮೇಲಿನ ಮರಿಯೂ ಸುಮ್ಮನಿತ್ತು. ಅತ್ತೆ ಕಾಯುತ್ತಿದ್ದಳು. ನಾನು ಮೊಣಕೈಯಿಂದ ತಿವಿದೆ, "ಅನ್ನು ಮಾಮಾ, ಅನ್ನು" ಅಂತ. ಮಾವ ನನ್ನ ಕೈ ತಳ್ಳಿ, ಬಾಗಿಲು ದೂಡಿಕೊಂಡು, ಅರ್ಧ ಬೊಚ್ಚುಬಾಯಲ್ಲಿ ಒದರುತ್ತಾ ಹೋದರು.

"ಉಣ್ಣಂಗಿಲ್ಲ! ಅದಕ್ಕೇನ್ ಕೇಳ್ತಿ, ನನ್ನ ಕೇಳು! ನೀ ಬರದಿದ್ರ ನಾ ಯಾಕ ಉಣ್ಲಿ? ವ್ಯಾಳ್ಯಾಕ್ಕೂ ಉಣ್ಣಂಗಿಲ್ಲ, ಹೊತ್ತ ಮೀರಿನೂ ಉಣ್ಣಂಗಿಲ್ಲ!"

ಅತ್ತೆ ಬೆಚ್ಚಿಬಿದ್ದಳು. ಹೊರಸಿನ ಮೇಲೆ ಎದ್ದು ಕೂತಳು.

"ಹಂಗಂದ್ರ ಹ್ಯಾಂಗ್ರಿ?"

"ಹಂಗಽ!"

ಮಾವ ಹೊರಸಿನ ಕಾಲ ಬಳಿ ಕುಸಿದು ಕೂತು ಅತ್ತುಬಿಟ್ಟರು. ನಮ್ಮ ಮಾವ ಅತ್ತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅತ್ತೆ ಅವರ ತಲೆಯ ಮೇಲೆ ಕೈಯಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ನೀ ಯಾಕ ಅಳಾಕತ್ತಿ? ಇವರು ಹಿಂಗಂದ ಮ್ಯಾಲ ನಾ ಬರಬೇಕಾತಲ್ಲ ಮತ್ತ. ನಾಳಿ ಕಲಬುರಗಿ ಬಸ್ ಎಷ್ಟಕ್ಕ ಅದ ನೋಡವಾ."

ಆಪರೇಶನ್ನಿನ ದಿನ ಮಾವ ಬೆಳಗಿನಿಂದ ಚಹ ಕೂಡ ಮುಟ್ಟಲಿಲ್ಲ. ನಾನು ತಂದ ಬ್ರೆಡ್ಡು ಬೆಂಚಿನ ಮೇಲೆ ಹಾಗೇ ಇತ್ತು. ಡಾಕ್ಟರಮ್ಮ ಹೊರಗೆ ಬಂದು, ಆಗಿದೆ, ಚೆನ್ನಾಗಿದ್ದಾರೆ, ಗಡ್ಡೆಯನ್ನು ಪರೀಕ್ಷೆಗೆ ಕಳಿಸಿದ್ದೇವೆ ಅಂದರು. ಸಂಜೆ ಅತ್ತೆ ಕಣ್ಣು ತೆರೆದಳು. ತುಟಿ ಒಣಗಿ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ.

"ಉಂಡ್ರೇನ್ರಿ?"

ಮಾವ ಇಲ್ಲವೆಂದು ತಲೆಯಾಡಿಸಿದರು.

"ಬಂದೀನಲ್ಲ. ಉಣಹೋಗ್ರಿ."

ಎದುರಿನ ಖಾನಾವಳಿಯಲ್ಲಿ ಅವರು ನಾಲ್ಕು ಜೋಳದ ರೊಟ್ಟಿ ಉಂಡದ್ದನ್ನು ನಾನು ಎದುರಿಗೆ ಕೂತು ನೋಡಿದೆ.

ಅತ್ತೆಯನ್ನು ಮನೆಗೆ ಕರೆತಂದು ಎಂಟು ದಿನವಾಯಿತು. ಪರೀಕ್ಷೆಯ ರಿಪೋರ್ಟು ಇನ್ನೂ ಬಂದಿಲ್ಲ. ಅದರಲ್ಲಿ ಏನಿರುತ್ತದೋ, ನನಗೆ ಹೆದರಿಕೆಯಿದೆ. ಹೆದರಿಕೆಯಿಲ್ಲ ಅಂತ ಸುಳ್ಳು ಹೇಳಲಾರೆ. ದಿನಾ ಮಧ್ಯಾಹ್ನ ಶಹಾಪುರಕ್ಕೆ ಫೋನು ಮಾಡುತ್ತೇನೆ. ರಿಪೋರ್ಟಿನ ಮಾತು ಕೇಳಲು ಧೈರ್ಯ ಸಾಲದೆ, ಊಟ ಆಯಿತೇ ಅಂತಷ್ಟೇ ಕೇಳುತ್ತೇನೆ. ಇವತ್ತೂ ಕೇಳಿದೆ.

"ಉಂಡೆನವಾ" ಅಂದರು ಮಾವ. "ಇವತ್ತ ಆಕಿನಽ ಎದ್ದು ಬಡಿಸಿದ್ಳು."